ಬಾಯಿಬಿಟ್ಟು ಕೇಳಿ

ಈ ಅಂಕಣಕ್ಕೆ ಯಾಕೆ ಈ ಹೆಸರು ಎಂದು ಹೊಸ ಓದುಗರೊಬ್ಬರು ಕೇಳಿದ್ದಾರೆ. ಮುಂಬಯಿ ಪಾಲಿಕೆ ಶಾಲೆಗಳಲ್ಲಿ ಮಕ್ಕಳು ಟೀಚರನ್ನು ಮರಾಠಿಯವರ ಹಾಗೆ ‘ಬಾಯಿ’ ಎಂದೇ ಕರೆಯುತ್ತಾರೆ. ಕನ್ನಡ ಶಾಲೆಯಲ್ಲೂ ಅಷ್ಟೇ. 1984ರಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಒಬ್ಬ ಹುಡುಗ ಬಾಗಿಲಲ್ಲಿ ನಿಂತು ‘ಬಾಯಿ ಬಂದ್ರು, ಬಾಯಿ ಮುಚ್ರೋ’ ಎಂದು ಕೂಗಿದ. ಕುಂದಾಪುರದ ಕಡೆಯಿಂದ ಮದುವೆಯಾಗಿ ಬಂದವಳು ನಾನು. ನಗಬೇಕೋ ಗದರಬೇಕೋ ತಿಳಿಯಲಿಲ್ಲ. ಆಮೇಲೆ 32 ವರ್ಷ ಬಾಯಿಯಾಗಿಯೇ ಇದ್ದೆ. ಈಗ ಡೊಂಬಿವಲಿಯ ಮನೆಯಲ್ಲಿ ಕೂತು ನಿಮ್ಮ ಪತ್ರ ಓದುತ್ತೇನೆ. ಈ ತಿಂಗಳು ಪತ್ರ ಜಾಸ್ತಿ, ಜಾಗ ಕಡಿಮೆ. ಬಿಟ್ಟುಹೋದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗ ನಾಲ್ಕನೇ ಕ್ಲಾಸು. ಸಂಜೆ ಎರಡು ಗಂಟೆ ಕೂತು ಓದುತ್ತಾನೆ. ಒಂದೇ ಪಾಠವನ್ನು ನಾಲ್ಕು ಸಲ ಓದುತ್ತಾನೆ. ಮರುದಿನ ಕೇಳಿದರೆ ಏನೂ ಇಲ್ಲ. ಬಾದಾಮಿ ನೆನೆಸಿ ಕೊಡುತ್ತಿದ್ದೇನೆ. ಟ್ಯೂಷನ್‌ಗೆ ಹಾಕಲೇ?
– ಒಬ್ಬ ತಾಯಿ, ಘಾಟ್ಕೋಪರ್

ಬಾದಾಮಿ ಕೊಡಿಯಮ್ಮ, ನಷ್ಟವೇನಿಲ್ಲ. ಆದರೆ ಅದು ಪಾಠ ನೆನಪಿಸುತ್ತದೆ ಎಂದು ಕಾಯಬೇಡಿ. ಟ್ಯೂಷನ್ ಕೂಡ ಸದ್ಯಕ್ಕೆ ಬೇಡ.

ನಾಲ್ಕು ಸಲ ಓದುತ್ತಾನೆ ಎಂದಿರಲ್ಲ, ಎಡವಟ್ಟು ಇರುವುದೇ ಅಲ್ಲಿ. ನಾಲ್ಕನೇ ಸಲಕ್ಕೆ ಎಲ್ಲ ಸಾಲೂ ಕಂಡು ಗೊತ್ತಿರುವ ಮುಖದ ಹಾಗೆ ಆಗಿರುತ್ತದೆ. ಕಣ್ಣು ಜಾರಿಕೊಂಡು ಹೋಗುತ್ತದೆ. ‘ಇದು ನಂಗೆ ಬರ್ತದೆ’ ಅನ್ನಿಸುತ್ತದೆ. ಗುರುತು ಹಿಡಿಯುವುದು ಬೇರೆ, ನೆನಪಿಸಿಕೊಂಡು ಹೇಳುವುದು ಬೇರೆ. ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ದಿನಾ ಎದುರು ಕೂರುವ ಹೆಂಗಸನ್ನು ಎಲ್ಲಿ ಕಂಡರೂ ಗುರುತಿಸುತ್ತೀರಿ. ಮನೆಗೆ ಬಂದ ಮೇಲೆ ಅವಳ ಚೀಲದ ಬಣ್ಣ ಯಾವುದು ಎಂದರೆ?

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬಿಬ್ಬರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. 2006ರಲ್ಲಿ ಪ್ರಕಟವಾಯಿತು. ಕಾಲೇಜು ಹುಡುಗರಲ್ಲಿ ಒಂದು ಗುಂಪು ಒಂದೇ ಪಾಠವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದು ಸರದಿ ಓದಿ, ಉಳಿದ ಮೂರು ಸರದಿಯಲ್ಲಿ ಪಾಠ ನೋಡದೆ ನೆನಪಾದಷ್ಟು ಬರೆಯಿತು. ಐದು ನಿಮಿಷದ ಮೇಲೆ ಕೇಳಿದರೆ ಓದಿದವರದೇ ಮೇಲುಗೈ: ಅವರಿಗೆ ಸುಮಾರು 83 ಶೇಕಡ ನೆನಪಿತ್ತು, ಬರೆದವರಿಗೆ 71. ವಾರ ಬಿಟ್ಟು ಕೇಳಿದಾಗ ಮಗುಚಿಬಿತ್ತು. ಓದಿದವರು 40ಕ್ಕೆ ಇಳಿದಿದ್ದರು, ಬರೆದವರು 61ರಲ್ಲಿದ್ದರು. ನಿಮ್ಮ ಮಗ ರಾತ್ರಿ ಎಲ್ಲ ಬರುತ್ತದೆ ಎನ್ನುವುದೂ ಸುಳ್ಳಲ್ಲ, ಮರುದಿನ ಏನೂ ಇಲ್ಲದಿರುವುದೂ ಸುಳ್ಳಲ್ಲ.

ಹಾಗಾಗಿ ಒಂದು ಸಲ ಓದಲಿ. ಪುಸ್ತಕ ಮುಚ್ಚಲಿ. ನೀವು ಬೀನ್ಸ್ ಹೆಚ್ಚುತ್ತಿರುವಾಗ ಎದುರು ಕೂತು ಹೇಳಲಿ. ತಪ್ಪಿದರೆ ಮಧ್ಯೆ ಬಾಯಿ ಹಾಕಬೇಡಿ. ಇದು ನಿಮಗೆ ಕಷ್ಟ, ಗೊತ್ತು. ಪೂರ್ತಿ ಹೇಳಿ ಮುಗಿಸಿದ ಮೇಲೆ ಅವನೇ ಪುಸ್ತಕ ತೆರೆದು ಏನು ಬಿಟ್ಟೆ ಎಂದು ನೋಡಲಿ. ನಾಳೆ ಹೊಸ ಪಾಠಕ್ಕೆ ಮೊದಲು ಇವತ್ತಿನದು ಐದು ನಿಮಿಷ. ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಎರಡು ಗಂಟೆ ಬೇಕಾಗಿಯೇ ಇಲ್ಲ. ಮುಕ್ಕಾಲು ಗಂಟೆ ಸಾಕು, ಆಮೇಲೆ ಕೆಳಗೆ ಆಡಲು ಬಿಡಿ.

ನಮ್ಮ ಶಾಲೆಯಲ್ಲಿ ಶನಿವಾರ ಅರ್ಧ ದಿನ. ಅವತ್ತು ನನ್ನ ಕ್ಲಾಸಿನಲ್ಲಿ ಪುಸ್ತಕ ತೆರೆಯುವ ಹಾಗಿಲ್ಲ, ಬರೀ ಹೇಳುವುದು. ಒಮ್ಮೆ ಮಳೆ ಹೇಗೆ ಬರುತ್ತದೆ ಎಂದು ಕೇಳಿದೆ. ಪುಸ್ತಕದಲ್ಲಿ ‘ಆವಿಯು ಘನೀಭವಿಸಿ’ ಎಂದಿತ್ತು. ಆ ಮಾತು 28 ಮಕ್ಕಳಲ್ಲಿ ಒಬ್ಬರ ನಾಲಿಗೆಗೂ ಹತ್ತಲಿಲ್ಲ. ಕಲಬುರಗಿ ಕಡೆಯ ಒಬ್ಬ ಹುಡುಗ, ಅಪ್ಪ ಸೆಂಟ್ರಿಂಗ್ ಕೆಲಸದವನು, ಎದ್ದು ನಿಂತ. ‘ಸಮುದ್ರದ ನೀರು ಕಾಯ್ತದ್ರಿ ಬಾಯಿ, ಹೊಗಿ ಆಗಿ ಮ್ಯಾಲ ಹೋಗ್ತದ. ಮ್ಯಾಲ ಥಂಡಿ ಭಾಳ. ಥಂಡಿ ಹತ್ತಿ ಅಳ್ತದ್ರಿ.’ ಇಡೀ ಕ್ಲಾಸು ನಕ್ಕಿತು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಏಳೆಂಟು ಮಕ್ಕಳು ‘ಮೋಡ ಥಂಡಿ ಹತ್ತಿ ಅಳುತ್ತದೆ’ ಎಂದೇ ಬರೆದಿದ್ದರು. ನಾನು ಪೂರ್ತಿ ಮಾರ್ಕು ಕೊಟ್ಟೆ. ಹೆಡ್‌ಮಾಸ್ಟರು ಕರೆದು ಕೇಳಿದರು. ಇದರಲ್ಲಿ ತಪ್ಪೇನಿದೆ ತೋರಿಸಿ ಎಂದೆ. ಸುಮ್ಮನಾದರು.

ಹಾಗಂತ ಬಾಯಿಪಾಠವೇ ಬೇಡ ಎನ್ನುವವಳಲ್ಲ ನಾನು. ಮಗ್ಗಿ ಬಾಯಿಪಾಠ ಬರಲೇಬೇಕು. ಈ ಮಾತಿಗೆ ಬೈದು ಪತ್ರ ಬರುತ್ತದೆ, ಬರಲಿ.

ಪ್ರಶ್ನೆ: ನಮ್ಮದು ಸಣ್ಣ ಹೋಟೆಲು. ಮಗನಿಗೆ 11 ವರ್ಷ. ರಜೆಯಲ್ಲಿ ಗಲ್ಲಾದಲ್ಲಿ ಕೂತರೆ ಒಂದು ಪೈಸೆ ಹೆಚ್ಚುಕಡಿಮೆ ಆಗುವುದಿಲ್ಲ. ಶಾಲೆಯ ಗಣಿತದಲ್ಲಿ ಮಾತ್ರ 35 ದಾಟುವುದಿಲ್ಲ. ಹಾಗಾದರೆ ಶಾಲೆ ಏನು ಕಲಿಸುತ್ತದೆ? ಬಿಡಿಸಿ ಹೋಟೆಲಲ್ಲೇ ಕೂರಿಸಿದರೆ ಏನು ತಪ್ಪು?
– ಓದುಗರು, ಮಾಟುಂಗಾ

ತಪ್ಪೇ. 14 ವರ್ಷದ ತನಕ ಶಾಲೆ ಆ ಹುಡುಗನ ಹಕ್ಕು, ಕಾನೂನೇ ಇದೆ. ಅದು ಹಾಗಿರಲಿ, ನಿಮ್ಮ ಪ್ರಶ್ನೆಯ ಮೊದಲರ್ಧ ನನ್ನನ್ನೂ ವರ್ಷಗಟ್ಟಲೆ ಕಾಡಿದೆ.

ನಿಮ್ಮ ಮಾಟುಂಗಾದ್ದೇ ಕತೆ ಹೇಳುತ್ತೇನೆ. ಮೂರನೇ ಕ್ಲಾಸಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಗುಣಾಕಾರ ಎಂದರೆ ಕಣ್ಣಲ್ಲಿ ನೀರು. ಒಂದು ಸಂಜೆ ಸ್ಟೇಷನ್ ಹತ್ತಿರದ ಹೂವಿನ ಸಾಲಿನಲ್ಲಿ ನೋಡುತ್ತೇನೆ, ಅವಳೇ ಕೂತಿದ್ದಾಳೆ. ಅವ್ವ ಮಾಲೆ ಕಟ್ಟುತ್ತಿದ್ದಳು, ಇವಳದು ವ್ಯಾಪಾರ. ಆಗ ಮಲ್ಲಿಗೆ ಮೊಳಕ್ಕೆ 7 ರೂಪಾಯಿ. ಐದು ಮೊಳ ಕೊಡು ಎಂದು 50ರ ನೋಟು ಹಿಡಿದೆ. ಮೊಣಕೈಯಿಂದ ಬೆರಳ ತುದಿಗೆ ಅಳೆಯುತ್ತ, ತಲೆ ಎತ್ತದೆ ಹೇಳಿದಳು: ‘ಎರಡಕ್ಕ ಹದಿನಾಕು, ಮತ್ತೆರಡಕ್ಕ ಇಪ್ಪತ್ತೆಂಟು, ಇನ್ನೊಂದು ಮೂವತ್ತೈದು. ಹದಿನೈದು ವಾಪಸ್ ತಗೋರಿ.’ ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು. ಹೆದರಿ ಇನ್ನೊಂದು ಗೇಣು ಹೂವು ಪುಕ್ಕಟೆ ಕೊಟ್ಟಳು.

ಮರುದಿನ ಬೋರ್ಡಿನ ಮೇಲೆ 7 × 5 ಬರೆದೆ. ಅವಳು 12 ಎಂದು ಬರೆದಳು.

ಎಷ್ಟೋ ವರ್ಷದ ಮೇಲೆ ಓದಿದೆ, ಬ್ರೆಜಿಲ್ ದೇಶದ ರೆಸಿಫೆ ಪಟ್ಟಣದಲ್ಲೂ ಇದನ್ನೇ ಕಂಡವರಿದ್ದಾರೆ ಎಂದು. ಸಂತೆಯಲ್ಲಿ ಮಾರುವ ಮಕ್ಕಳ ಮೇಲಿನ ಆ ಅಧ್ಯಯನ 1985ರದು. 35ಕ್ಕೆ ಒಂದು ತೆಂಗಿನಕಾಯಿ, ಹತ್ತಕ್ಕೆ ಎಷ್ಟು ಎಂದು 12 ವರ್ಷದ ಹುಡುಗನನ್ನು ಕೇಳಿದರು. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಇನ್ನು ನಾಲ್ಕು ಬೇಕು, ಅಲ್ಲಿಗೆ 315, ಹಾಂ, 350 ಎಂದ. ಹತ್ತರಿಂದ ಗುಣಿಸಲು ಕೊನೆಗೊಂದು ಸೊನ್ನೆ ಸೇರಿಸಿದರಾಯಿತು ಎಂದು ಶಾಲೆಯಲ್ಲಿ ಹೇಳಿಕೊಡುತ್ತೇವೆ, ಅಲ್ವಾ? ಅವನಿಗೆ ಆ ಸೊನ್ನೆ ಬೇಕಾಗಲಿಲ್ಲ. ಅಂಥ ಮಕ್ಕಳಿಗೆ ಅದೇ ಲೆಕ್ಕವನ್ನು ಕಾಗದದ ಮೇಲೆ ಕೊಟ್ಟಾಗ ತುಂಬ ತಪ್ಪಿತು.

ಇದನ್ನು ಹೇಳಿ ಶಾಲೆ ದಂಡ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗಲ್ಲಾದ ಲೆಕ್ಕ ಗಲ್ಲಾಕ್ಕೆ ಸಾಕು. ನಾಳೆ ನಿಮ್ಮ ಮಗ ಬ್ಯಾಂಕಿನಿಂದ ಸಾಲ ತೆಗೆದು ಎರಡನೇ ಹೋಟೆಲು ಹಾಕುತ್ತಾನೆ ಅಂದುಕೊಳ್ಳಿ. ವರ್ಷಕ್ಕೆ 11 ಶೇಕಡದ ಹಾಗೆ ಏಳು ವರ್ಷ ಕಂತು ಕಟ್ಟಿದರೆ ಕೈಬಿಟ್ಟುಹೋಗುವ ಬಡ್ಡಿ ಎಷ್ಟು? ಇದು ಬೆರಳಲ್ಲಿ ಎಣಿಸಿ ಮುಗಿಯುವ ಲೆಕ್ಕವಲ್ಲ. ಇನ್ನೊಂದು, ಬಾಯಿಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತು ಎಂದು ಬೇರೆಯವರಿಗೆ ಕಾಣುವುದಿಲ್ಲ. ಕಾಗದದ ಮೇಲೆ ಕಾಣುತ್ತದೆ.

ಹೂವಿನ ಹುಡುಗಿಗೆ ನಾನು ಮಾಡಿದ್ದು ಇಷ್ಟೇ. ಅವಳ ಹತ್ತಿರ ಮತ್ತೆ ಹೂವು ಮಾರಿಸಿದೆ, ಕ್ಲಾಸಿನಲ್ಲಿ, ಹೂವಿಲ್ಲದೆ. ಅವಳು ಹೇಳಿದ ಒಂದೊಂದು ಹೆಜ್ಜೆಯನ್ನೂ ಅವಳ ಮಾತಲ್ಲೇ ಬೋರ್ಡಿನ ಮೇಲೆ ಬರೆದೆ. 14, 28, 35. ‘ನೀ ಸ್ಟೇಷನ್ ಹತ್ತಿರ ಹೇಳಿದ್ದು ಇದೇ ನೋಡು’ ಎಂದೆ. ಎರಡು ವಾರ ಹೀಗೇ ನಡೆಯಿತು. ಒಂದು ದಿನ ಅವಳೇ ಸೀಮೆಸುಣ್ಣ ಕಿತ್ತುಕೊಂಡಳು. ಭಾಗಾಕಾರಕ್ಕೆ ಮಾತ್ರ ಈ ಉಪಾಯ ನಡೆಯಲಿಲ್ಲ. ಹೂವಿನ ಅಂಗಡಿಯಲ್ಲಿ ಯಾರೂ ಏನನ್ನೂ ಭಾಗ ಮಾಡುವುದಿಲ್ಲ. ಅದನ್ನು ಮಾಮೂಲಿ ರೀತಿಯಲ್ಲೇ ಕಷ್ಟಪಟ್ಟು ಕಲಿತಳು, ನಾನೂ ಕಷ್ಟಪಟ್ಟೆ.

ನಿಮ್ಮ ಮಗ ಗಲ್ಲಾದಲ್ಲಿ ಚಿಲ್ಲರೆ ಕೊಡುವಾಗ ಹೇಗೆ ಎಣಿಸಿದೆ ಎಂದು ಕೇಳಿ. ಅದನ್ನೇ ಒಂದು ಬಿಲ್ಲಿನ ಹಿಂದೆ ಬರೆಸಿ. ದಿನಕ್ಕೆ ಎರಡು ಗಿರಾಕಿಯ ಲೆಕ್ಕ ಸಾಕು.

ಪ್ರಶ್ನೆ: ಬೆರಳಚ್ಚು ತೆಗೆದು ಮಗುವಿನ ಬುದ್ಧಿ ಯಾವ ಕಡೆಗಿದೆ, ಅದು ನೋಡಿ ಕಲಿಯುವ ಮಗುವೋ ಕೇಳಿ ಕಲಿಯುವ ಮಗುವೋ ಎಂದು ಹೇಳುತ್ತಾರಂತೆ. ಸಾವಿರಗಟ್ಟಲೆ ಫೀಸು. ಮಾಡಿಸಬಹುದೇ?
– ಓದುಗರು, ಠಾಣೆ

ಬೇಡ. ಬೆರಳಚ್ಚು ಆಧಾರ್ ಕಾರ್ಡಿಗೆ ಇರಲಿ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ ಹಾಗೆ ಹಾಗೇ ಕಲಿಸಿದರೆ ಜಾಸ್ತಿ ಕಲಿಯುತ್ತಾರೆ ಎನ್ನಲು ಸರಿಯಾದ ಪುರಾವೆ ಇಲ್ಲ ಎಂದು ಮನಶ್ಶಾಸ್ತ್ರದವರು 2008ರಲ್ಲೇ ಎಲ್ಲ ಅಧ್ಯಯನ ಜಾಲಾಡಿ ಹೇಳಿದ್ದಾರೆ. ಆ ದುಡ್ಡಿಗೆ ಮಗುವನ್ನು ಕರೆದುಕೊಂಡು ಊರಿಗೆ ಹೋಗಿಬನ್ನಿ.

ಪ್ರಶ್ನೆ: ಮೊಮ್ಮಗನಿಗೆ ಮೂರೂವರೆ ವರ್ಷ. ನರ್ಸರಿಯಲ್ಲಿ ದಿನಾ ಒಂದು ಪುಟ ಬರೆಯಲು ಕೊಡುತ್ತಾರೆ. ಸೊಸೆ ಕೈ ಹಿಡಿದು ಬರೆಸುತ್ತಾಳೆ, ಮಗು ಅಳುತ್ತದೆ. ನಾನು ಹೇಳಿದರೆ ‘ಅತ್ತೆ, ನಿಮ್ಮ ಕಾಲ ಬೇರೆ’ ಎನ್ನುತ್ತಾಳೆ.
– ಅಜ್ಜಿ, ಮೀರಾ ರೋಡ್

ಸೊಸೆಯ ಮೇಲೆ ಸಿಟ್ಟು ಮಾಡಬೇಡಿ, ಅವಳಿಗೂ ಶಾಲೆಯ ಹೆದರಿಕೆ. ಆದರೆ ಈ ವಿಷಯದಲ್ಲಿ ನಿಮ್ಮ ಕಾಲ ಮುಂದಿತ್ತು ಎಂದು ನನ್ನ ಹೆಸರು ಹೇಳಿ ತಿಳಿಸಿ. ನಿಮ್ಮದೇ ಪಶ್ಚಿಮ ರೈಲ್ವೆಯ ದಾರಿಯಲ್ಲಿ, ಪಾಲ್ಘರ್ ಜಿಲ್ಲೆಯಲ್ಲಿ ಬೋರ್ಡಿ ಎಂಬ ಊರಿದೆ. 1945ರಲ್ಲಿ ತಾರಾಬಾಯಿ ಮೋಡಕ್ ಅಲ್ಲಿ ಬಡ ಮಕ್ಕಳಿಗೆ ಬಾಲವಾಡಿ ಶುರುಮಾಡಿದರು. ಅನುತಾಯಿ ವಾಘ್ ಜೊತೆಗೂಡಿದರು. ಮಕ್ಕಳು ಬಾರದಿದ್ದರೆ ಇವರೇ ಮಕ್ಕಳ ಕೇರಿಗೆ ಹೋಗಿ ಅಂಗಳದಲ್ಲಿ ಪಾಠ ಮಾಡಿದರು. ಬೀಜ, ಕಲ್ಲು, ಎಲೆ, ಹಾಡು, ಇವೇ ಸಾಮಾನು. ಆಮೇಲೆ ಪಕ್ಕದ ಕೋಸಬಾಡ ಗುಡ್ಡಕ್ಕೆ ಕೆಲಸ ಸ್ಥಳಾಂತರವಾಯಿತು. ನಾನೊಮ್ಮೆ ಅಲ್ಲಿಗೆ ಹೋಗಿದ್ದೆ. ಒಂದು ಮಗು ಹುಣಸೆ ಬೀಜ ಒಂದು ಕಡೆ, ಹೊಂಗೆ ಬೀಜ ಒಂದು ಕಡೆ ಆರಿಸಿಡುತ್ತಿತ್ತು. ಯಾರ ಕಡೆಗೂ ನೋಡಲಿಲ್ಲ. ಕಾಲು ಗಂಟೆ. ಪೆನ್ಸಿಲು ಹಿಡಿಯುವ ಬೆರಳು ಹಾಗೆ ತಯಾರಾಗುತ್ತದೆ. ಮನೆಯಲ್ಲಿ ಅಕ್ಕಿ ಆರಿಸುವಾಗ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೆಳ್ಳುಳ್ಳಿ ಸುಲಿಯಲು ಕೊಡಿ.

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾದವನು. ಸರಕಾರ ಶಾಲೆ ನಡೆಸುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಪಾಲಿಕೆ ಶಾಲೆ ಮುಚ್ಚಿ ಆ ಹಣವನ್ನು ಪಾಲಕರ ಖಾತೆಗೆ ಹಾಕಿದರೆ ಅವರೇ ಒಳ್ಳೆಯ ಖಾಸಗಿ ಶಾಲೆ ಹುಡುಕಿಕೊಳ್ಳುತ್ತಾರೆ. ನೀವು ಏನೆನ್ನುತ್ತೀರಿ?
– ಓದುಗರು, ಪುಣೆ

ಬ್ಯಾಂಕಿನವರಿಗೆ ಖಾತೆಯ ಮೇಲೆ ನಂಬಿಕೆ ಜಾಸ್ತಿ. ತಮಾಷೆಗೆ ಹೇಳಿದೆ ಸಾರ್.

ನೀವಿರುವ ಊರಿನದೇ ವಿಷಯ. ಬುಧವಾರ ಪೇಟೆಯ ಭಿಡೆ ವಾಡಾದಲ್ಲಿ 1848ರಲ್ಲಿ ಜ್ಯೋತಿಬಾ ಫುಲೆ, ಸಾವಿತ್ರಿಬಾಯಿ ಹುಡುಗಿಯರಿಗೆ ಶಾಲೆ ತೆರೆದರು. ಹಳೆ ಕಟ್ಟಡವನ್ನು 2023ರ ಕೊನೆಯಲ್ಲಿ ಕೆಡವಿದರು, ಸ್ಮಾರಕ ಕಟ್ಟಲಿಕ್ಕೆ. ಸ್ವಂತ ಪ್ರಯತ್ನದಿಂದ ಶಾಲೆ ನಡೆಸಿದವರು ಅವರು, ಸರಕಾರದವರಲ್ಲ. ಅಂಥ ಫುಲೆಯವರೇ 1882ರಲ್ಲಿ, ಶಿಕ್ಷಣದ ವಿಚಾರಣೆಗೆ ಬ್ರಿಟಿಷ್ ಸರಕಾರ ನೇಮಿಸಿದ ಹಂಟರ್ ಆಯೋಗದ ಮುಂದೆ ಹೇಳಿದ್ದೇನು? ಕಂದಾಯ ಬರುವುದು ರೈತನ ಬೆವರಿನಿಂದ, ಖರ್ಚಾಗುವುದು ಮೇಲಿನವರ ಮಕ್ಕಳ ಕಾಲೇಜಿಗೆ. ಅದರ ಬದಲು ಸರಕಾರ 12 ವರ್ಷದ ತನಕವಾದರೂ ಎಲ್ಲರಿಗೂ ಕಡ್ಡಾಯ ಶಿಕ್ಷಣ ಕೊಡಲಿ ಎಂದು. ತಾವೇ ಶಾಲೆ ನಡೆಸಿ ನೋಡಿದ್ದರಿಂದಲೇ ಅವರಿಗೆ ಗೊತ್ತಿತ್ತು, ಇದು ಒಬ್ಬಿಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ ಎಂದು. ಪುಣೆಯವರೇ ಆದ ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಕಡ್ಡಾಯ ಶಿಕ್ಷಣದ ಮಸೂದೆ ತಂದರು. ಮುಂದಿನ ವರ್ಷ ಅದು 13ಕ್ಕೆ 38 ಮತಗಳಿಂದ ಬಿತ್ತು. ಕೊನೆಗೆ ಸಂವಿಧಾನಕ್ಕೆ ತಿದ್ದುಪಡಿಯಾದದ್ದು 2002ರಲ್ಲಿ, ಕಾನೂನು ಬಂದದ್ದು 2009ರಲ್ಲಿ. ಫುಲೆ ಕೇಳಿದ 127 ವರ್ಷಕ್ಕೆ. ಇಷ್ಟು ಕಷ್ಟಪಟ್ಟು ತಂದದ್ದನ್ನು ಖಾತೆಗೆ ಹಾಕಿ ಕೈತೊಳೆದುಕೊಳ್ಳೋಣ ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ಖಾಸಗಿಯವರು ಚೆನ್ನಾಗಿ ಕಲಿಸುವುದಿಲ್ಲ ಎನ್ನುತ್ತಿಲ್ಲ. ನಮ್ಮವರೇ ಮುಂಬಯಿಯಲ್ಲಿ ಹೋಟೆಲ್ ಹುಡುಗರಿಗಾಗಿ ರಾತ್ರಿ ಶಾಲೆ ನಡೆಸಿದ್ದಾರೆ, ಅದರಲ್ಲಿ ಓದಿ ಮೇಲೆ ಬಂದವರು ಎಷ್ಟೋ ಮಂದಿ. ಆದರೆ ಒಂದು ವ್ಯತ್ಯಾಸ ನೋಡಿ. ಫೀಸಿನ ಶಾಲೆಗೆ ಬೇಡವಾದ ಮಗುವನ್ನು ಬೇಡ ಎನ್ನಲು ನೂರು ದಾರಿ. ನಮ್ಮ ಶಾಲೆಗೆ ಒಂದೂ ಇರಲಿಲ್ಲ. ಬಿತ್ತನೆಗೆ ಊರಿಗೆ ಹೋದ ಮಗು ಮೂರು ತಿಂಗಳ ಮೇಲೆ ಬಂದರೂ ನಾವು ಬೆಂಚು ಸರಿಸಿ ಕೂರಿಸಬೇಕು. ಜನನ ಪತ್ರ ಇಲ್ಲದ ಮಗು, ಕಿವಿ ಕೇಳದ ಮಗು, ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬರುವ ಹುಡುಗಿ. ತಮ್ಮನಿಗೆ ಒಂದು ಗೋಣಿ ಹಾಸಿ ಕ್ಲಾಸಿನ ಮೂಲೆಯಲ್ಲೇ ಮಲಗಿಸುತ್ತಿದ್ದಳು. ಇವರ ಪಾಲಕರ ಖಾತೆಗೆ ದುಡ್ಡು ಹಾಕಿದರೆ ಯಾವ ಶಾಲೆ ಗೋಣಿ ಹಾಸಲು ಬಿಡುತ್ತದೆ?

ಖಾಸಗಿ ಶಾಲೆಯಲ್ಲಿ 25 ಶೇಕಡ ಸೀಟು ಬಡವರಿಗೆ ಎಂದು ಅದೇ 2009ರ ಕಾನೂನಿದೆ. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರಕಾರ, ಒಂದು ಕಿಲೋಮೀಟರಿನೊಳಗೆ ಸರಕಾರಿ ಇಲ್ಲವೆ ಅನುದಾನಿತ ಶಾಲೆ ಇದ್ದರೆ ಖಾಸಗಿಯವರಿಗೆ ಇದರಿಂದ ವಿನಾಯಿತಿ ಎಂದು ನಿಯಮ ಬದಲಾಯಿಸಿತು. ಜುಲೈಯಲ್ಲಿ ಬಾಂಬೆ ಹೈಕೋರ್ಟು ಅದನ್ನು ರದ್ದು ಮಾಡಿತು. ಇದೂ ಒಂದು ದಾರಿ, ಇರಲಿ. ಆದರೆ ಪಾಲಿಕೆ ಶಾಲೆ ಎಂಬ ಕಟ್ಟಡ ಪಕ್ಕದಲ್ಲಿ ಇದ್ದರೇ ಅದಕ್ಕೂ ಬೆಲೆ.

ಪ್ರಶ್ನೆ: ಕನ್ನಡ ಶಾಲೆ, ಪಾಲಿಕೆ ಶಾಲೆ ಎಂದು ಎರಡು ವರ್ಷದಿಂದ ಬರೆಯುತ್ತಿದ್ದೀರಿ. ನಿಮ್ಮ ಸ್ವಂತ ಮಗ ಯಾವ ಶಾಲೆಯಲ್ಲಿ ಓದಿದ? ಉತ್ತರ ಬರುವುದಿಲ್ಲ ಎಂದು ಗೊತ್ತಿದ್ದೇ ಕೇಳುತ್ತಿದ್ದೇನೆ.
– ಓದುಗರು, ವಾಶಿ

ಇಂಗ್ಲಿಷ್ ಮೀಡಿಯಂ. ಫೀಸು ಕೊಟ್ಟು.

1989ರಲ್ಲಿ ಹಾಕಿದೆವು. ಬೆಳಿಗ್ಗೆ ಅವನ ಟೈ ಕಟ್ಟಿ ಗೇಟಿನ ಒಳಗೆ ಬಿಟ್ಟು ಓಡಿ ರೈಲು ಹಿಡಿಯುತ್ತಿದ್ದೆ, ಬೇರೆಯವರ ಮಕ್ಕಳಿಗೆ ಕನ್ನಡದಲ್ಲಿ ಕಲಿಸಲು. ನಮ್ಮ ಶಾಲೆಯ ಟೀಚರುಗಳೆಲ್ಲರದೂ ಇದೇ ಕತೆ. ಸ್ಟಾಫ್ ರೂಮಿನಲ್ಲಿ ಇದರ ಮಾತೇ ಬರುತ್ತಿರಲಿಲ್ಲ. ಒಂದು ದಿನ ಪಾಲಕರ ಸಭೆಯಲ್ಲಿ ಒಬ್ಬ ತಾಯಿ, ನಾಕಾದಲ್ಲಿ ನಿಂತು ಕೂಲಿಗೆ ಹೋಗುವವಳು, ಸುಮ್ನೆ ಪ್ರೀತಿಯಿಂದ ಕೇಳಿದಳು: ‘ಬಾಯಿ, ನಿಮ್ ಮಗಾ ಯಾವ ಸಾಲಿಗಿ ಹೋಗ್ತಾನ್ರಿ?’ ‘ಮನೆ ಹತ್ತಿರದ್ದು’ ಎಂದೆ. ಸುಳ್ಳಲ್ಲ. ನಿಜವೂ ಅಲ್ಲ. ಅವಳು ತಲೆ ಆಡಿಸಿದಳು. ನನಗೆ ಆ ಸಭೆ ಮುಗಿಯುವ ತನಕ ಕೂರಲಾಗಲಿಲ್ಲ.

ಯಾಕೆ ಹಾಕಿದೆ? ಹೆದರಿಕೆ. ಕನ್ನಡದಲ್ಲಿ ಓದಿ ಮುಂಬಯಿಯಲ್ಲಿ ಎಲ್ಲಿಗೆ ಹೋಗುತ್ತಾನೆ ಎಂಬ ಹೆದರಿಕೆ. ಗಂಡನ ಮನೆಯವರೂ ಒತ್ತಾಯ ಮಾಡಿದರು ಎನ್ನಬಹುದಿತ್ತು, ಆದರೆ ಅವರು ಹೇಳುವ ಮೊದಲೇ ನಾನು ಫಾರ್ಮು ತಂದಿದ್ದೆ.

ಅಲ್ಲಿ ಏನು ಕಲಿತ ಎಂದು ಕೇಳಿ. ಮೂರನೇ ಕ್ಲಾಸಿನಲ್ಲಿ ‘ನನ್ನ ತಾಯಿ’ ಎಂದು ಪ್ರಬಂಧ, ಇಂಗ್ಲಿಷಿನಲ್ಲಿ. ಅಕ್ಷರ ಮುತ್ತಿನ ಹಾಗೆ. ಏನು ಬರೆದಿದ್ದ ಗೊತ್ತೇ? ನನ್ನ ತಾಯಿ ಗೃಹಿಣಿ. ದಿನವಿಡೀ ಮನೆಯಲ್ಲಿರುತ್ತಾಳೆ. ರುಚಿರುಚಿಯಾಗಿ ಅಡುಗೆ ಮಾಡುತ್ತಾಳೆ. 10ಕ್ಕೆ 9. ನಾನು ಏಳು ಹನ್ನೆರಡರ ಲೋಕಲ್ಲು ಹಿಡಿಯುವವಳು, ಸಂಜೆ ಬಂದು ಬೆಳಗ್ಗಿನ ಸಾರೇ ಬಿಸಿ ಮಾಡುವವಳು! ‘ನಾನು ಟೀಚರಲ್ವೇನೋ?’ ಎಂದರೆ, ‘ಬೋರ್ಡಲ್ಲಿ ಬರೆದದ್ದು ಹಾಗೆ ಅಮ್ಮ. ಬೇರೆ ಬರೆದರೆ ಮಾರ್ಕು ಕಟ್’ ಎಂದ. ಅದೇ ವಾರ ನನ್ನ ಕ್ಲಾಸಿನಲ್ಲಿ ಒಬ್ಬಳು ಅವ್ವನ ಬಗ್ಗೆ ನಾಲ್ಕೇ ಸಾಲು ಬರೆದಿದ್ದಳು. ಅವ್ವ ಸಿಮೆಂಟಿನ ಬುಟ್ಟಿ ಹೊತ್ತು ಬಂದಾಗ ಕೂದಲು ಬೂದಿ ಬಣ್ಣ, ತೊಳೆದರೆ ಮತ್ತೆ ಕಪ್ಪು ಎಂದು. ಒತ್ತಕ್ಷರ ಒಂದೂ ಸರಿ ಇರಲಿಲ್ಲ. ಎರಡೂ ನೋಟ್‌ಬುಕ್ಕು ಒಂದೇ ಚೀಲದಲ್ಲಿಟ್ಟುಕೊಂಡು ಮನೆಗೂ ಶಾಲೆಗೂ ಓಡಾಡಿದೆ ಎರಡು ದಿನ. ಯಾರಿಗೂ ತೋರಿಸಲಿಲ್ಲ.

ಮಗ ಈಗ ಪುಣೆಯಲ್ಲಿ ಇಂಜಿನಿಯರು. ಚೆನ್ನಾಗಿದ್ದಾನೆ. ಕನ್ನಡ ಮಾತಾಡುತ್ತಾನೆ, ಓದುವುದು ಎತ್ತಿನಗಾಡಿಯ ವೇಗ. ಕನ್ನಡ ಶಾಲೆಗೆ ಹಾಕಿದ್ದರೆ ಇನ್ನೂ ಮೇಲೆ ಬರುತ್ತಿದ್ದ ಎಂದು ಎದೆ ತಟ್ಟಿ ಹೇಳಲಾರೆ. ನಮ್ಮ ಶಾಲೆಯ ಮಕ್ಕಳಲ್ಲಿ ಕೆಲವರು ಬಂದರು, ಹಲವರು ಹತ್ತನೆಯ ಮೊದಲೇ ಎಲ್ಲೋ ಕರಗಿಹೋದರು. ನನ್ನ ಬೇಸರ ಅವನ ಬಗ್ಗೆ ಅಲ್ಲ, ಶಾಲೆಯ ಬಗ್ಗೆ. ನಮ್ಮ ಮೂರನೇ ಮಹಡಿಯ ಹುಡುಗಿಯರ ಶೌಚಾಲಯದಲ್ಲಿ ಒಂದೂವರೆ ವರ್ಷ ನೀರು ಬರಲಿಲ್ಲ. ಅರ್ಜಿ ಕೊಟ್ಟೆವು, ಸುಮ್ಮನಾದೆವು. ಆ ಶೌಚಾಲಯಕ್ಕೆ ನನ್ನದೇ ಮಗು ಹೋಗಬೇಕಾಗಿದ್ದರೆ ಸುಮ್ಮನಾಗುತ್ತಿದ್ದೆನೇ? 2015ರ ಆಗಸ್ಟಿನಲ್ಲಿ ಅಲಹಾಬಾದ್ ಹೈಕೋರ್ಟು, ಸರಕಾರಿ ಸಂಬಳ ಪಡೆಯುವವರು ಮಕ್ಕಳನ್ನು ಸರಕಾರಿ ಪ್ರಾಥಮಿಕ ಶಾಲೆಗೇ ಕಳಿಸಬೇಕು ಎಂದು ಉತ್ತರ ಪ್ರದೇಶಕ್ಕೆ ಹೇಳಿತು. ನನ್ನ ನಿವೃತ್ತಿಗೆ ಒಂದು ವರ್ಷ ಇತ್ತು. ಸ್ಟಾಫ್ ರೂಮಿನಲ್ಲಿ ಪೇಪರು ಕೈಯಿಂದ ಕೈಗೆ ಹೋಯಿತು. ಯಾರೂ ಮಾತಾಡಲಿಲ್ಲ. ಚಹಾ ತಣ್ಣಗಾಯಿತು.

ಪ್ರಶ್ನೆ: ಎಂಟನೆಯ ತನಕ ಯಾರನ್ನೂ ಫೇಲ್ ಮಾಡುವ ಹಾಗಿಲ್ಲ ಎಂದು ಮಾಡಿಯೇ ಮಕ್ಕಳು ಹಾಳಾದದ್ದು, ಅಲ್ಲವೇ?
– ಓದುಗರು, ಭಾಂಡುಪ್

2010ರಿಂದ ಆ ನಿಯಮ ಇತ್ತು. 2019ರ ತಿದ್ದುಪಡಿಯಲ್ಲಿ ಐದು ಮತ್ತು ಎಂಟನೇ ಕ್ಲಾಸಿನಲ್ಲಿ ಫೇಲ್ ಮಾಡಬಹುದು ಎಂದು ರಾಜ್ಯಗಳಿಗೆ ಬಿಟ್ಟರು, ಮರುಪರೀಕ್ಷೆಯ ಅವಕಾಶ ಕೊಟ್ಟು. ನಾನು ಫೇಲ್ ಮಾಡುತ್ತಿದ್ದ ಕಾಲದಲ್ಲೂ ಇದ್ದವಳು. ನಾಲ್ಕನೇ ಕ್ಲಾಸಿನಲ್ಲಿ ಮೂರು ವರ್ಷ ಕೂತ ಒಬ್ಬ ಹುಡುಗನಿದ್ದ, ಮೀಸೆ ಚಿಗುರಿತ್ತು. ಹೊರಗಿನವರು ಬಂದರೆ ಅವನನ್ನೇ ಮಾಸ್ತರು ಅಂದುಕೊಳ್ಳುತ್ತಿದ್ದರು. ಮೂರನೇ ವರ್ಷವೂ ಅದೇ ಪುಸ್ತಕ, ಅದೇ ನಾನು, ಅದೇ ಪಾಠ. ಮೊದಲ ವರ್ಷ ಅರ್ಥವಾಗದ್ದು ಮೂರನೆಯ ವರ್ಷ ಹೇಗಾಗುತ್ತದೆ? ದೀಪಾವಳಿಗೆ ಊರಿಗೆ ಹೋದವನು ಬರಲಿಲ್ಲ. ಫೇಲ್ ಮಾಡದೆ ಸುಮ್ನೆ ಮುಂದೆ ತಳ್ಳಿದರೂ ಪ್ರಯೋಜನವಿಲ್ಲ ನಿಜ. ಆದರೆ ತಪ್ಪು ಎಲ್ಲಿದೆ ಎಂದು ಜೂನ್‌ನಲ್ಲೇ ಹುಡುಕಬೇಕು, ಏಪ್ರಿಲ್‌ನಲ್ಲಿ ಅಲ್ಲ.

ಪ್ರಶ್ನೆ: ನಾವು ಗೋವಾದಲ್ಲಿದ್ದೇವೆ. ಮೊಮ್ಮಗಳು ಐದನೇ ಕ್ಲಾಸು. ಹಿಂದಿ, ಕೊಂಕಣಿ ಓದುತ್ತಾಳೆ. ಕನ್ನಡ ಮಾತು ಬರುತ್ತದೆ, ಅಕ್ಷರ ಬರುವುದಿಲ್ಲ. ನಾನು ಕಲಿಸಬಹುದೇ? ನಾನು ಓದಿದ್ದು ಏಳನೆಯ ತನಕ.
– ಅಜ್ಜಿ, ವಾಸ್ಕೋ

ಏಳನೆಯದು ಧಾರಾಳ ಸಾಕಮ್ಮ. ಅರ್ಧ ಕೆಲಸ ಆಗಿಯೇ ಹೋಗಿದೆ. ಅವಳಿಗೆ ದೇವನಾಗರಿ ಬರುತ್ತದಲ್ಲ. ಅಲ್ಲೂ ಕ ಖ ಗ ಘ, ಇಲ್ಲೂ ಅದೇ ಸಾಲು, ಅದೇ ಕಾಗುಣಿತ. ಬಟ್ಟೆ ಬೇರೆ, ಆಳು ಅದೇ. ಅಕ್ಷರಕ್ಕೆ ಎರಡು ವಾರ ಸಾಕು.

ಎಡವುವುದು ಎರಡು ಕಡೆ. ಒಂದು, ಹಿಂದಿಯಲ್ಲಿ ಎ ಏ ಎಂದು ಎರಡಿಲ್ಲ, ಒ ಓ ಎಂದು ಎರಡಿಲ್ಲ. ಇದನ್ನು ಬರೆದು ತೋರಿಸುವ ಮೊದಲು ಹೇಳಿಸಿ. ಕೆರೆ, ಕೇರೆ. ಕೆರೆಯಲ್ಲಿ ಈಜಬಹುದು, ಕೇರೆಯ ಜೊತೆ ಆಗದು. ಕೊಡು, ಕೋಡು. ನಗುತ್ತಾಳೆ, ಮರೆಯುವುದಿಲ್ಲ. ಇನ್ನೊಂದು ಒತ್ತಕ್ಷರ. ದೇವನಾಗರಿಯಲ್ಲಿ ಮೊದಲನೆಯ ಅಕ್ಷರ ಅರ್ಧವಾಗುತ್ತದೆ, ನಮ್ಮಲ್ಲಿ ಮೊದಲನೆಯದು ಪೂರ್ತಿ ನಿಂತು ಎರಡನೆಯದು ಕಾಲಡಿಗೆ ಹೋಗುತ್ತದೆ. ಇದಕ್ಕೆ ಪಾಠಪುಸ್ತಕ ಬೇಡ, ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ. ಹುಬ್ಬಳ್ಳಿ ಬಸ್ಸು ಬಂದಾಗ ಬೋರ್ಡು ಓದಿಸಿ. ಒಂದೇ ಹೆಸರಲ್ಲಿ ಎರಡು ಒತ್ತಕ್ಷರ!

ಮತ್ತೆ ಕಾಪಿ ಬರೆಸಬೇಡಿ. ಅಂಗಡಿ ಸಾಮಾನಿನ ಚೀಟಿ ಅವಳ ಹತ್ತಿರ ಬರೆಸಿ. ನೀವು ಹೇಳಿ, ಅವಳು ಬರೆಯಲಿ. ಅಂಗಡಿಯಲ್ಲಿ ಅವಳೇ ಓದಲಿ. ‘ಬೆಲ್ಲ’ ಎಂದು ಬರೆಯುವಲ್ಲಿ ‘ಬೆಳ್ಳ’ ಎಂದು ಬರೆದರೂ ಬೆಲ್ಲವೇ ಮನೆಗೆ ಬರುತ್ತದೆ.

ಪ್ರಶ್ನೆ: ನಮ್ಮ ಸಂಘದಿಂದ ಒಂದು ಪಾಲಿಕೆ ಶಾಲೆಗೆ ಏನಾದರೂ ಕೊಡಬೇಕೆಂದಿದ್ದೇವೆ. ಏನು ಕೊಡುವುದು?
– ಓದುಗರು, ಚೆಂಬೂರು

ಮೊದಲು ಹೋಗಿ ಅಲ್ಲಿನ ಬಾಯಿಯನ್ನು ಕೇಳಿ. ಚೀಲ, ನೋಟ್‌ಬು‌ಕ್ಕು ಪಾಲಿಕೆಯೇ ಕೊಡುತ್ತದೆ. ಗೈಡು ಬೇಡ. ಗೋಡೆ ಗಡಿಯಾರವೂ ಬೇಡ, ನಮ್ಮಲ್ಲಿ ಸಂಘದವರು ಕೊಟ್ಟ ಗಡಿಯಾರಗಳೇ ನಾಲ್ಕಿದ್ದವು, ನಾಲ್ಕರಲ್ಲೂ ನಾಲ್ಕು ಟೈಮು. ಕತೆ ಪುಸ್ತಕ ಕೊಡಿ, ಒಂದೇ ಪುಸ್ತಕದ ಐವತ್ತು ಪ್ರತಿ ಅಲ್ಲ, ಐವತ್ತು ಬೇರೆ ಬೇರೆ. ಬೀರುವಿಗೆ ಬೀಗ ಕೊಡಬೇಡಿ. ಶಾರ್ಪನರು ಒಂದು ಡಜನ್. ಪೆನ್ಸಿಲು ಎಲ್ಲರೂ ಕೊಡುತ್ತಾರೆ, ಶಾರ್ಪನರು ಯಾರಿಗೂ ನೆನಪಾಗುವುದಿಲ್ಲ.